ಎಲೆಕ್ಟ್ರಿಕ್ ಗಿಟಾರಿನ ಗುಣಮಟ್ಟ ಗುರುತಿಸುವ ಬಗೆ: ಬೆಲೆ ಮತ್ತು ದೇಶದ ಹೆಸರನ್ನು ಬದಿಗಿಟ್ಟು

ಬೆಳಗಾವಿಯಲ್ಲಿ ಮೊದಲ ಎಲೆಕ್ಟ್ರಿಕ್ ಗಿಟಾರು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟರದ್ದು, ಎಲ್ಲಿಯದು. ಎರಡಕ್ಕೂ ಉತ್ತರ ಕೂಡಲೇ ಸಿಗುತ್ತದೆ, ಆದರೆ ಆ ಉತ್ತರಗಳಿಂದ ಕೈಯಲ್ಲಿ ಹಿಡಿದ ಗಿಟಾರಿನ ಬಗ್ಗೆ ತಿಳಿಯುವುದು ಅಷ್ಟಕ್ಕಷ್ಟೇ. ಬೆಲೆಯೊಳಗೆ ಆಮದು ಸುಂಕ, ಸಾಗಣೆ, ವಿತರಕರ ಲಾಭ, ಜಾಹೀರಾತು ಎಲ್ಲವೂ ಅಡಗಿರುತ್ತವೆ. ಗಿಟಾರಿನ ತುದಿಯ ಹೆಡ್‌ಸ್ಟಾಕಿನ ಮೇಲಿನ ಹೆಸರಿಗೂ ನಾವೇ ದುಡ್ಡು ಕೊಡುತ್ತೇವೆ. ಇವುಗಳಲ್ಲಿ ಯಾವುದೂ ಫ್ರೆಟ್‌ಗಳನ್ನು, ಅಂದರೆ ತಂತಿ ಒತ್ತುವಲ್ಲಿ ಕೂರಿಸಿದ ಲೋಹದ ಅಡ್ಡಪಟ್ಟಿಗಳನ್ನು, ಸಮತಟ್ಟಾಗಿಸುವುದಿಲ್ಲ.

ದೇಶದ ಮಾತನ್ನು ಬೆಳಗಾವಿಯವರಿಗೆ ಹೆಚ್ಚು ವಿವರಿಸುವ ಅಗತ್ಯವಿಲ್ಲ. ಉದ್ಯಮಬಾಗದ ಕಾರ್ಖಾನೆಗಳಲ್ಲಿ ಸಿಎನ್‌ಸಿ ಯಂತ್ರದ ಮುಂದೆ ನಿಂತವರಿಗೂ, ವಿಮಾನದ ಬಿಡಿಭಾಗಗಳು ತಯಾರಾಗುವ ಹತ್ತರಗಿಯ ಕೈಗಾರಿಕಾ ವಲಯದಲ್ಲಿ ಕೆಲಸ ಮಾಡುವವರಿಗೂ ಒಂದು ಸಂಗತಿ ಚೆನ್ನಾಗಿ ಗೊತ್ತು: ಯಂತ್ರಕ್ಕೆ ತಾನು ಯಾವ ದೇಶದಲ್ಲಿದ್ದೇನೆ ಎಂಬುದು ತಿಳಿಯದು, ತಪಾಸಣೆ ಎಷ್ಟು ಬಿಗಿಯಾಗಿದೆ, ಕೊನೆಯ ಕೈಗೆಲಸಕ್ಕೆ ಎಷ್ಟು ಸಮಯ ಕೊಡಲಾಗಿದೆ ಎಂಬುದರ ಮೇಲೆ ವಸ್ತುವಿನ ಗುಣ ನಿಂತಿರುತ್ತದೆ. ಗಿಟಾರಿನ ಇತಿಹಾಸವೂ ಇದನ್ನೇ ಹೇಳುತ್ತದೆ. 1982ರಲ್ಲಿ ಫೆಂಡರ್ ಕಂಪನಿ ಸ್ಕ್ವಯರ್ ಎಂಬ ಹೆಸರಿನಲ್ಲಿ ಜಪಾನಿನಲ್ಲಿ ಮಾಡಿಸಿದ ಅಗ್ಗದ ಗಿಟಾರುಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಇಂಡೋನೇಷ್ಯಾದಲ್ಲಿ ಕಾರ್ಟ್ ಸಂಸ್ಥೆಯ ಕಾರ್ಖಾನೆ ತನ್ನ ಹೆಸರಿನ ಗಿಟಾರುಗಳ ಜೊತೆಗೆ ಬೇರೆ ಹಲವು ಬ್ರಾಂಡುಗಳ ಗಿಟಾರುಗಳನ್ನೂ ತಯಾರಿಸುತ್ತದೆ. ಇನ್ನು ಅಮೆರಿಕದಲ್ಲಿ ತಯಾರಾದ ಎಷ್ಟೋ ಗಿಟಾರುಗಳ ಫಿಂಗರ್‌ಬೋರ್ಡು, ಅಂದರೆ ಬೆರಳೊತ್ತುವ ಹಲಗೆ, ಭಾರತದ ಬೀಟೆ ಮರದ್ದು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಅದೇ ಬೀಟೆ.

ಆದ್ದರಿಂದ ಪರೀಕ್ಷೆಯನ್ನು ಕೈ, ಕಣ್ಣು ಮತ್ತು ಕಿವಿಗಳಿಂದಲೇ ಮಾಡಬೇಕು. ಮಾಡುವಾಗ ಕಂಡ ಪ್ರತಿಯೊಂದು ದೋಷದ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದು ಸ್ಕ್ರೂ ತಿರುಗಿಸಿದರೆ ಸರಿಹೋಗುವಂಥದ್ದೋ, ಅಥವಾ ಮರದಲ್ಲೇ, ಜೋಡಣೆಯಲ್ಲೇ ಉಳಿದುಬಿಟ್ಟದ್ದೋ? ಅಂಗಡಿಯಲ್ಲಿ ನೇತುಹಾಕಿದ ಗಿಟಾರು ನುಡಿಸಲು ಗಡುಸಾಗಿದೆ ಎಂದು ಬಿಟ್ಟುಬರುವವರು ಹಲವು ಸಲ ಒಳ್ಳೆಯ ವಾದ್ಯವನ್ನು ಬಿಟ್ಟುಬರುತ್ತಾರೆ. ಅಂಗಡಿಯವರೇ ಚೆನ್ನಾಗಿ ಸೆಟಪ್ ಮಾಡಿಟ್ಟ, ಅಂದರೆ ತಂತಿಯ ಎತ್ತರ, ಶ್ರುತಿ ಎಲ್ಲ ಹೊಂದಿಸಿಟ್ಟ ಸಾಧಾರಣ ಗಿಟಾರು ಮೊದಲ ದಿನ ಮರುಳು ಮಾಡಿ, ಆರು ತಿಂಗಳಲ್ಲಿ ತನ್ನ ನಿಜರೂಪ ತೋರಿಸುತ್ತದೆ. ಜೊತೆಗೆ ಒಯ್ಯಬೇಕಾದ ಸಾಮಾನು ಕಡಿಮೆ: ಮೊಬೈಲಿನಲ್ಲಿ ಒಂದು ಟ್ಯೂನರ್, ಒಂದು ಚಿಕ್ಕ ಸ್ಟೀಲ್ ಪಟ್ಟಿ, ಸಾಧ್ಯವಾದರೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ, ಸಣ್ಣ ಸಂದು ಅಳೆಯುವ ಫೀಲರ್ ಗೇಜ್.

ಮೊದಲು ನೆಕ್, ಅಂದರೆ ಗಿಟಾರಿನ ಉದ್ದನೆಯ ಕುತ್ತಿಗೆ ನೋಡಬೇಕು, ಏಕೆಂದರೆ ಕೆಟ್ಟರೆ ಸರಿಪಡಿಸಲು ಕಷ್ಟವಾದ ಭಾಗ ಅದು. ಗಿಟಾರನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ಬಾಡಿಯ ಮೇಲೆ ತಂತಿಗಳು ಕೂರುವ ಬ್ರಿಡ್ಜಿನ ಕಡೆಯಿಂದ ಹೆಡ್‌ಸ್ಟಾಕಿನ ಕಡೆಗೆ ಫಿಂಗರ್‌ಬೋರ್ಡಿನ ಎರಡೂ ಅಂಚುಗಳ ಉದ್ದಕ್ಕೆ ದೃಷ್ಟಿ ಹಾಯಿಸಬೇಕು. ಎರಡೂ ಅಂಚು ಒಂದೇ ರೀತಿ ಬಾಗಿದ್ದರೆ ಚಿಂತೆಯಿಲ್ಲ. ಒಂದು ಅಂಚು ಮೇಲೆದ್ದು ಇನ್ನೊಂದು ಕೆಳಗಿಳಿದಿದ್ದರೆ ನೆಕ್ ತಿರುಚಿಕೊಂಡಿದೆ ಎಂದರ್ಥ, ಅಂಥ ಗಿಟಾರನ್ನು ಎಷ್ಟು ರಿಯಾಯಿತಿ ಕೊಟ್ಟರೂ ಕೊಳ್ಳಬಾರದು. ಬಾಗನ್ನು ಅಳೆಯಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ, ನೆಕ್ ಬಾಡಿಯನ್ನು ಸೇರುವ ಜಾಗದ ಫ್ರೆಟ್‌ನಲ್ಲಿಯೂ ಏಕಕಾಲಕ್ಕೆ ಒತ್ತಿ ಹಿಡಿದು, ಏಳನೆಯ ಇಲ್ಲವೆ ಎಂಟನೆಯ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಸಂದು ಉಳಿದಿದೆ ಎಂದು ನೋಡಬೇಕು. ಸುಮಾರು 0.25 ಮಿಲಿಮೀಟರ್ ಇದ್ದರೆ ಸರಿ. ಹೆಚ್ಚು ಕಡಿಮೆ ಇದ್ದರೆ ನೆಕ್‌ನೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಕಾಲು ಸುತ್ತು ತಿರುಗಿಸಿ ತೋರಿಸಲು ಅಂಗಡಿಯವರನ್ನೇ ಕೇಳಿಕೊಳ್ಳಬೇಕು. ತಿರುಗಿಸಿದಾಗ ಸಂದು ಬದಲಾದರೆ ರಾಡ್ ಜೀವಂತವಾಗಿದೆ. ಅದು ಈಗಾಗಲೇ ಕೊನೆಯವರೆಗೆ ಬಿಗಿದುಹೋಗಿದ್ದರೆ, ಅಥವಾ ಅದರ ತಲೆ ಸವೆದು ಕೀಲಿ ಜಾರುತ್ತಿದ್ದರೆ, ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ.

ನಂತರ ಫ್ರೆಟ್‌ಗಳು. ಅಗ್ಗದ ಗಿಟಾರಿಗೂ ದುಬಾರಿ ಗಿಟಾರಿಗೂ ನಿಜವಾದ ವ್ಯತ್ಯಾಸ ಬಹುಮಟ್ಟಿಗೆ ಕಾಣುವುದು ಇಲ್ಲಿಯೇ, ಏಕೆಂದರೆ ಫ್ರೆಟ್ ಮಟ್ಟ ಮಾಡಿ, ತಲೆ ದುಂಡಗೆ ಉಜ್ಜಿ, ಹೊಳಪು ಕೊಡುವ ಕೆಲಸಕ್ಕೆ ಮನುಷ್ಯರ ಸಮಯ ಬೇಕು, ಕಾರ್ಖಾನೆ ಉಳಿತಾಯ ಮಾಡುವುದೂ ಆ ಸಮಯದಲ್ಲೇ. ನೆಕ್ ಹೆಚ್ಚುಕಡಿಮೆ ನೇರವಾಗಿರುವಾಗ, ಮೂರೇ ಮೂರು ಫ್ರೆಟ್‌ಗಳ ಮೇಲೆ ಕೂರುವಷ್ಟು ಉದ್ದದ ನೇರ ಅಂಚನ್ನು ತಂತಿಗಳ ನಡುವೆ ಇಟ್ಟು ಅಲುಗಿಸಿ ನೋಡಬೇಕು. ತೊಟ್ಟಿಲಿನಂತೆ ಆಡಿದರೆ ನಡುವಿನ ಫ್ರೆಟ್ ಎತ್ತರವಾಗಿದೆ. ಅಂಗಡಿಯಲ್ಲಿ ಇಷ್ಟೆಲ್ಲಕ್ಕೆ ಸಂಕೋಚವಾದರೆ ಆರೂ ತಂತಿಗಳನ್ನು ಮೊದಲ ಫ್ರೆಟ್‌ನಿಂದ ಕೊನೆಯವರೆಗೆ ಒಂದೊಂದಾಗಿ, ಒಂದೇ ಬಲದಿಂದ, ಆಂಪ್‌ಗೆ (ಆಂಪ್ಲಿಫಯರ್‌ಗೆ) ಜೋಡಿಸದೆಯೇ ನುಡಿಸಬೇಕು. ಎಲ್ಲ ಕಡೆಯೂ ಸ್ವಲ್ಪ ಝರ ಝರ ಕೇಳಿದರೆ ತಂತಿಗಳು ತೀರ ಕೆಳಗಿವೆ ಎಂದಷ್ಟೇ ಅರ್ಥ. ಒಂದೇ ಫ್ರೆಟ್‌ನಲ್ಲಿ ಮಾತ್ರ ಕೇಳಿದರೆ ಅದು ಫ್ರೆಟ್ ಕೆಲಸದ ಕೊರತೆ. ಕೊನೆಗೆ ಹನ್ನೆರಡರಿಂದ ಹದಿನೈದನೆಯ ಫ್ರೆಟ್‌ವರೆಗೆ ತೆಳುವಾದ ತಂತಿಯನ್ನು ಒಂದು ಪೂರ್ಣ ಸ್ವರದಷ್ಟು ಎಳೆದು ನೋಡಬೇಕು. ಎಳೆಯುವಾಗ ಸ್ವರ ಥಟ್ಟನೆ ಸತ್ತುಹೋದರೆ ಮುಂದಿನ ಯಾವುದೋ ಫ್ರೆಟ್‌ಗೆ ತಂತಿ ತಾಗುತ್ತಿದೆ. ಹಳೆಯ ಮಾದರಿಯ, ಹೆಚ್ಚು ದುಂಡಾದ ಫಿಂಗರ್‌ಬೋರ್ಡಿನಲ್ಲಿ ತಂತಿ ಕೆಳಗಿದ್ದಾಗ ಇದು ಸಹಜವಾಗಿಯೂ ಆಗುತ್ತದೆ, ಆದ್ದರಿಂದ ತಂತಿ ಸ್ವಲ್ಪ ಎತ್ತರಿಸಿ ಮತ್ತೊಮ್ಮೆ ನೋಡಿಯೇ ತೀರ್ಮಾನಿಸಬೇಕು.

ತಂಬೂರಿಯ ಜವಾರಿ ಕೇಳಿ ಬೆಳೆದ ಈ ಭಾಗದ ಕಿವಿಗಳಿಗೆ ಗಿಟಾರಿನ ಝೇಂಕಾರ ಒಮ್ಮೊಮ್ಮೆ ಹಿತವಾಗಿಯೇ ಕೇಳಿಸುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಜವಾರಿಯಲ್ಲಿ ತಂತಿ ಅಗಲವಾದ ಕುದುರೆಯ ಮೇಲೆ ಸವರಿಕೊಂಡು ನಾದವನ್ನು ಬೆಳೆಸುತ್ತದೆ. ಫ್ರೆಟ್‌ಗೆ ಬಡಿಯುವ ತಂತಿಯಾದರೋ ನಾದವನ್ನು ತಿಂದುಹಾಕುತ್ತದೆ. ಅನುಮಾನವಿದ್ದಲ್ಲಿ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಕೇಳಿದರೆ ಸಾಕು.

ಶ್ರುತಿಯ ಪರೀಕ್ಷೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಪ್ರತಿ ತಂತಿಯಲ್ಲೂ ಹನ್ನೆರಡನೆಯ ಫ್ರೆಟ್ ಮೇಲೆ ಬೆರಳು ಸೋಕಿಸಿ ಬರುವ ಹಾರ್ಮೋನಿಕ್ ಸ್ವರವನ್ನೂ, ಅದೇ ಫ್ರೆಟ್ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜಿನ ಮೇಲೆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿದರೆ ಹೊಂದಿಕೊಳ್ಳುತ್ತದೆ. ಇದು ಸ್ಕ್ರೂಡ್ರೈವರಿನ ಕೆಲಸ. ನೋಡಬೇಕಾದದ್ದು ಸ್ಯಾಡಲಿಗೆ ಸರಿಯಲು ಇನ್ನೂ ಜಾಗ ಉಳಿದಿದೆಯೇ ಎಂಬುದನ್ನು. ಸ್ಯಾಡಲು ಕೊನೆಮುಟ್ಟಿಯೂ ಸ್ವರ ಏರಿಯೇ ಇದ್ದರೆ ಬ್ರಿಡ್ಜನ್ನೇ ತಪ್ಪು ಜಾಗದಲ್ಲಿ ಕೂರಿಸಿರುವ ಸಾಧ್ಯತೆ ಇದೆ. ಆದರೆ ಹಿಂದೂಸ್ತಾನಿ ಸಂಗೀತ ಕಲಿತವರು, ಮುಖ್ಯವಾಗಿ ಹಾಡುಗಾರರು, ಗಿಟಾರಿನ ಮೇಜರ್ ಕಾರ್ಡ್ ಕೇಳಿ ಗಾಂಧಾರ ಏರಿದೆ ಎಂದು ಹೇಳುವುದುಂಟು. ಅವರ ಕಿವಿ ಸರಿಯಾಗಿಯೇ ಇದೆ. ಫ್ರೆಟ್‌ಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಕೂರಿಸಿದವು. ತಂಬೂರಿಯಿಂದ ತಾನಾಗಿ ಮೂಡುವ ಶುದ್ಧ ಗಾಂಧಾರಕ್ಕಿಂತ ಗಿಟಾರಿನ ಗಾಂಧಾರ ಸುಮಾರು 14 ಸೆಂಟ್‌ನಷ್ಟು ಮೇಲಿರುತ್ತದೆ, ಅಂದರೆ ಒಂದು ಅರೆಸ್ವರದ ಏಳನೆಯ ಒಂದು ಭಾಗ. ಹಾರ್ಮೋನಿಯಂ ಬಗ್ಗೆ ಹಳೆಯ ಗವಾಯಿಗಳ ದೂರೂ ಇದೇ ಆಗಿತ್ತು. ಎರಡು ಸಾವಿರದ ಗಿಟಾರಾಗಲಿ, ಎರಡು ಲಕ್ಷದ್ದಾಗಲಿ, ಇದು ಎಲ್ಲಕ್ಕೂ ಸಮಾನ. ಇದನ್ನು ದೋಷವೆಂದು ಎಣಿಸಿ ಗಿಟಾರನ್ನು ತಿರಸ್ಕರಿಸಬಾರದು.

ಹೆಡ್‌ಸ್ಟಾಕಿನ ಬಳಿ ತಂತಿಗಳು ಹಾಯುವ ನಟ್ ಸಣ್ಣ ವಸ್ತು, ಆದರೆ ಶ್ರುತಿ ಕೆಡುವುದಕ್ಕೆ ಬಹಳ ಸಲ ಅದೇ ಕಾರಣ, ಬೈಗುಳ ತಿನ್ನುವುದು ಮಾತ್ರ ಟ್ಯೂನಿಂಗ್ ಕೀಗಳು. ಕೀ ತಿರುಗಿಸುವಾಗ ಟಿಣ್ ಎಂದು ಸದ್ದಾಗಿ ಸ್ವರ ನೆಗೆದರೆ ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಅದನ್ನು ಉಜ್ಜಿಸಬಹುದು, ಬದಲಿಸಲೂಬಹುದು; ಖರ್ಚು ಕಡಿಮೆ.

ಬೋಲ್ಟ್ ಹಾಕಿ ಜೋಡಿಸಿದ ನೆಕ್ ಆಗಿದ್ದರೆ, ಎರಡೂ ಕೊನೆಯ ತಂತಿಗಳು ಫಿಂಗರ್‌ಬೋರ್ಡಿನ ಅಂಚಿನಿಂದ ಸಮದೂರದಲ್ಲಿವೆಯೇ ಎಂದು ಮೇಲಿನ ಫ್ರೆಟ್‌ಗಳ ಹತ್ತಿರ ನೋಡಬೇಕು. ಒಂದು ತಂತಿ ಅಂಚಿನಿಂದ ಜಾರುವಷ್ಟು ಹೊರಗಿದ್ದರೆ ನೆಕ್ ಓರೆಯಾಗಿ ಕೂತಿದೆ. ಬೋಲ್ಟ್ ಸಡಿಲಿಸಿ ಎಳೆದು ಕೂರಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಬ್ರಿಡ್ಜೇ ಓರೆಯಾಗಿದ್ದರೆ ಇಲ್ಲ.

ನಮ್ಮ ಜಿಲ್ಲೆಗಳ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗಾವಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಕುಡಿದ ಮರ ಉಬ್ಬಿಕೊಂಡಿರುತ್ತದೆ. ಅದೇ ಗಿಟಾರು ವಿಜಯಪುರ ಅಥವಾ ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಹೋದಾಗ ಮರ ಕುಗ್ಗುತ್ತದೆ, ಕುಗ್ಗದ ಲೋಹದ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಗೆ ಚಾಚಿ ಅಂಗೈಯನ್ನು ಗೀರುತ್ತವೆ. ಹಾಗಾಗಿ ಆಗಸ್ಟ್‌ನಲ್ಲಿ ನುಣುಪಾಗಿದ್ದ ಅಂಚು ಮಾರ್ಚ್‌ನಲ್ಲೂ ಹಾಗೆಯೇ ಇರುತ್ತದೆ ಎಂದು ನಂಬಬಾರದು, ಬೇಸಿಗೆಯಲ್ಲಿ ಚುಚ್ಚುವ ಗಿಟಾರನ್ನು ಕಳಪೆ ಎಂದು ತಳ್ಳಿಹಾಕಲೂಬಾರದು. ಚಾಚಿದ ತುದಿಯನ್ನು ಅರದಿಂದ ಒಮ್ಮೆ ಉಜ್ಜಿಸಿದರೆ ಸಾಮಾನ್ಯವಾಗಿ ಮತ್ತೆ ಕಾಡುವುದಿಲ್ಲ. ಫ್ರೆಟ್‌ನ ಕೆಳಗೇ ಮರದಿಂದ ಸಂದು ಬಿಟ್ಟಿದ್ದರೆ ಮಾತ್ರ ಅದು ಬೇರೆ ಮಾತು. ಉಗುರು ತೂರುವಂತಿದ್ದರೆ ಆ ಗಿಟಾರು ಬೇಡ.

ವಿದ್ಯುತ್ ಭಾಗವನ್ನು ನಾನು ಬೇಕೆಂದೇ ಕೊನೆಗಿಟ್ಟಿದ್ದೇನೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ಗಳ ಹೆಸರು ನೋಡಿ ಮನಸೋಲುವುದು ಸುಲಭ, ಆದರೆ ಪಿಕಪ್, ಸ್ವಿಚ್, ಜ್ಯಾಕ್, ವಾಲ್ಯೂಮ್ ಪಾಟ್ ಎಲ್ಲವನ್ನೂ ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಆಂಪ್‌ನಲ್ಲಿ ಡಿಸ್ಟಾರ್ಷನ್, ರಿವರ್ಬ್ ಎರಡನ್ನೂ ಬಂದ್ ಮಾಡಿ ನುಡಿಸಬೇಕು; ಅಂಗಡಿಯಲ್ಲಿ ಡಿಸ್ಟಾರ್ಷನ್ ಹಾಕಿ ಕೇಳಿಸಿದ ಗಿಟಾರಿನಲ್ಲಿ ಯಾವ ದೋಷವೂ ಕೇಳಿಸದು. ಪಾಟ್ ತಿರುಗಿಸುವಾಗ ಕರಕರ ಬರುತ್ತದೆಯೇ, ಸ್ವಿಚ್ಚಿನ ಪ್ರತಿ ಸ್ಥಾನದಲ್ಲಿಯೂ ಧ್ವನಿ ಬರುತ್ತದೆಯೇ, ಕೇಬಲನ್ನು ಜ್ಯಾಕಿನ ಬಳಿ ಅಲುಗಿಸಿದರೆ ಕಡಿಯುತ್ತದೆಯೇ ಎಂದು ನೋಡಬೇಕು. ಸಿಂಗಲ್ ಕಾಯಿಲ್ ಪಿಕಪ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಎತ್ತಿಕೊಳ್ಳುವುದು ಅದರ ರಚನೆಯ ಗುಣ. ತಂತಿ ಮುಟ್ಟಿದ ಕೂಡಲೇ ಗುಂಯ್ ಕಡಿಮೆಯಾದರೆ ಬ್ರಿಡ್ಜಿನ ಗ್ರೌಂಡ್ ತಂತಿ ಸರಿಯಾಗಿ ಬೆಸೆದಿದೆ. ಮುಟ್ಟಿದಾಗ ಹೆಚ್ಚಾದರೆ, ಅಥವಾ ಬೆರಳಿಗೆ ಜುಮ್ಮೆಂದರೆ, ತಕ್ಷಣ ಕೈ ತೆಗೆದು ಗಿಟಾರಿಗಿಂತ ಮೊದಲು ಕಟ್ಟಡದ ಅರ್ಥಿಂಗ್ ಮತ್ತು ಆಂಪ್ ಎರಡನ್ನೂ ಪರೀಕ್ಷಿಸಬೇಕು. ಗಣೇಶೋತ್ಸವದ ಪೆಂಡಾಲುಗಳಲ್ಲಿ ನುಡಿಸುವ ಆರ್ಕೆಸ್ಟ್ರಾದವರು ಇದನ್ನು ನಿರ್ಲಕ್ಷಿಸಲೇಬಾರದು.

ಒಂದೇ ಮಾದರಿಯ ಎರಡು ಗಿಟಾರುಗಳಿದ್ದರೆ ಎರಡನ್ನೂ ಇದೇ ಕ್ರಮದಲ್ಲಿ ನೋಡಬೇಕು. ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಟವುಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. ಆಯ್ಕೆಯಾದ ಮೇಲೆ, ತಾವು ಮುಂದೆ ಬಳಸಲಿರುವ ದಪ್ಪದ ತಂತಿಗಳನ್ನೇ ಹಾಕಿಸಿ, ಸೆಟಪ್ ಮಾಡಿಸಿದ ನಂತರ ಹಣ ಕೊಡುವುದು ಒಳ್ಳೆಯದು. ಡಿಸ್‌ಪ್ಲೇಗೆ ಇಟ್ಟದ್ದು ಬೇಡ, ಗೋದಾಮಿನಿಂದ ಸೀಲ್ ಒಡೆಯದ ಡಬ್ಬಿ ತರಿಸಿಕೊಡುತ್ತೇವೆ ಎಂದು ಅಂಗಡಿಯವರು ಆದರದಿಂದಲೇ ಹೇಳುತ್ತಾರೆ. ಒಪ್ಪಬಾರದು. ಪರೀಕ್ಷಿಸಿದ ಗಿಟಾರನ್ನೇ ಕೇಳಿ, ಅದರ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಂಡು ಒಯ್ಯಬೇಕು.