ಮಾಸ್ಕ್ ಒಳಗಿನ ನಗು

ಬೀದಿಯಲ್ಲಿ ಫೋಟೋ ತೆಗೆಯುವಾಗ ಎಷ್ಟೋ ವರ್ಷ ನನ್ನನ್ನು ಕಾಪಾಡಿದ್ದು ಒಂದು ನಗು. ಕ್ಲಿಕ್ ಮಾಡಿ, ಕ್ಯಾಮೆರಾ ಇಳಿಸಿ ನಕ್ಕರೆ ಎದುರಿನವರೂ ನಗುತ್ತಿದ್ದರು. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ, ಬಸವನಗುಡಿಯ ಗಾಂಧಿ ಬಜಾರಿಗೆ ಹೋದೆ. ನಕ್ಕೆ. ಮಾಸ್ಕ್ ಒಳಗಿನ ನಗು ಯಾರಿಗೆ ಕಾಣಬೇಕು?

ಕ್ಯಾಮೆರಾದ ತೊಂದರೆಗಳು ಬೇಗ ಬಗೆಹರಿದವು. ಉಸಿರಿಗೆ ಕನ್ನಡಕ ಮಂಜಾಗುತ್ತಿತ್ತು. ಮಾಸ್ಕಿನ ಮೇಲಂಚನ್ನು ಮೂಗಿಗೆ ಟೇಪಿನಿಂದ ಅಂಟಿಸಿದೆ. ಆಟೋಫೋಕಸ್‌ಗೆ ಮಾಸ್ಕ್ ಹಾಕಿದ ಮುಖ ಸಿಗುತ್ತಿರಲಿಲ್ಲ. ಅದನ್ನು ಬಂದ್ ಮಾಡಿ, ಫುಲ್‌ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದ 35 ಎಂಎಂ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿ, ಎರಡೂವರೆ ಮೀಟರ್‌ಗೆ ಫೋಕಸ್ ಕಟ್ಟಿಬಿಟ್ಟೆ. ಹಾಗೆ ಇಟ್ಟರೆ ಸುಮಾರು 1.7 ಮೀಟರ್‌ನಿಂದ 5 ಮೀಟರ್‌ವರೆಗೆ ಎಲ್ಲ ಸ್ಪಷ್ಟ. ಆರಡಿ ಅಂತರವೂ ಅದರೊಳಗೇ ಬರುತ್ತದೆ.

ಬಗೆಹರಿಯದೆ ಉಳಿದದ್ದು ಆ ನಗುವಿನ ವಿಷಯ.

ಒಂದು ಬೆಳಿಗ್ಗೆ ಸೊಪ್ಪು ಮಾರುವ ಅಜ್ಜಿಯೊಬ್ಬರು ಮಾಸ್ಕ್ ಕೆಳಗೆಳೆದು ಬೆವರು ಒರೆಸಿಕೊಳ್ಳುತ್ತಿದ್ದರು. ಬೆಳಕು ಚೆನ್ನಾಗಿತ್ತು, ಕ್ಲಿಕ್ ಮಾಡಿದೆ. ಅವರು ಗಾಬರಿಯಿಂದ ಮಾಸ್ಕ್ ಏರಿಸಿಕೊಂಡು, "ದಂಡ ಹಾಕೋಕೆ ಫೋಟೋ ಹೊಡೆದ್ರಾ ಸಾರ್? ಇನ್ನೂ ಬೋಣಿನೂ ಆಗಿಲ್ಲ" ಅಂದರು. ಮಾಸ್ಕ್ ಹಾಕದವರಿಗೆ ದಂಡ ಬೀಳುತ್ತಿದ್ದ ಕಾಲ ಅದು. ನನ್ನ ಕ್ಯಾಮೆರಾ ಅವರಿಗೆ ಹಾಗೆ ಕಂಡಿತ್ತು. ಸ್ಕ್ರೀನ್ ಅವರ ಕಡೆ ತಿರುಗಿಸಿ, ಅವರು ನೋಡುತ್ತಿರುವಾಗಲೇ ಚಿತ್ರ ಅಳಿಸಿದೆ. ಆದರೂ ಅವರ ಕೈ ನಡುಗುತ್ತಲೇ ಇತ್ತು. ಎರಡು ಕಟ್ಟು ಮೆಂತ್ಯ ತಗೊಂಡು ಮನೆಗೆ ಬಂದೆ. ಆಮೇಲೆ ಒಂದು ವಾರ ಹೊರಗೆ ಹೋಗಲಿಲ್ಲ.

ಮತ್ತೆ ಹೋದಾಗ ಮೊದಲೇ ಕೇಳುವುದನ್ನು ರೂಢಿ ಮಾಡಿಕೊಂಡೆ. ದೂರದಿಂದಲೇ ಕೈ ಮುಗಿಯುವುದು, ಕ್ಯಾಮೆರಾ ಎತ್ತಿ ತೋರಿಸುವುದು, ಅವರು ತಲೆ ಆಡಿಸುವವರೆಗೆ ಕಾಯುವುದು. ಬೇಡ ಅಂದರೆ ಸುಮ್ನೆ ಮುಂದೆ ಹೋಗುವುದು. ಹೀಗೆ ಕೇಳಿ ತೆಗೆದರೆ ಸಹಜತೆ ಹೋಗುತ್ತದೆ ಅಂತ ಗೆಳೆಯರು ಹೇಳಿದರು. ಹೋಗುತ್ತದೆ, ನಿಜ. ಆದರೆ ಆ ವರ್ಷ ಜನ ಮೊದಲೇ ಹೆದರಿದ್ದರು ಅಲ್ವಾ? ಅವರ ಭಯಕ್ಕೆ ನನ್ನದೂ ಒಂದು ಪಾಲು ಸೇರಿಸಲು ಮನಸ್ಸು ಬರಲಿಲ್ಲ.

ಕಾಯುತ್ತಾ ನಿಂತಾಗ ಕೈಗಳು ಕಣ್ಣಿಗೆ ಬೀಳತೊಡಗಿದವು. ಚಿಲ್ಲರೆಯನ್ನು ಕೈಗೆ ಕೊಡದೆ ಡಬ್ಬದ ಮುಚ್ಚಳದಲ್ಲಿಟ್ಟು ಮುಂದೆ ತಳ್ಳುವ ಕೈ. ಅಂಗಡಿ ಮುಂದಿನ ಸುಣ್ಣದ ವೃತ್ತದಲ್ಲಿ ತನ್ನ ಬದಲಿಗೆ ಚೀಲ ಇಟ್ಟು ನೆರಳಿಗೆ ಸರಿದವರ ಕೈ. ಹೂವಿನಮ್ಮ ಒಬ್ಬರು ನನ್ನ ನಮಸ್ಕಾರ ನೋಡಿ, "ಮುಖ ಬೇಡಪ್ಪ, ಕೈ ಬೇಕಾದ್ರೆ ತೆಗಿ" ಅಂದು ಮಲ್ಲಿಗೆ ಮೊಳ ಹಾಕಿ ತೋರಿಸಿದರು. ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ, ಸ್ಯಾನಿಟೈಸರ್ ಹಚ್ಚಿ ಹಚ್ಚಿ ಬಿರುಕು ಬಿಟ್ಟ ಅಂಗೈ. ಆ ಚಿತ್ರದ ಪ್ರಿಂಟ್ ಈಗ ಅವರ ಹೂವಿನ ಬುಟ್ಟಿಯ ಹಿಂದಿನ ಗೋಡೆಯಲ್ಲಿದೆ.