ತಾನೇ ಹೊಂದಿಕೊಳ್ಳುವ ವ್ಯವಸ್ಥೆಗೆ ಭಾಷೆಯನ್ನು ಆರಿಸುವ ಬಗೆ

ಹೊರೆ ಹೆಚ್ಚಿದಾಗ ಅಥವಾ ಭಾಗವೊಂದು ಕೆಟ್ಟಾಗ ನಿಲ್ಲದೆ ತನ್ನ ವರ್ತನೆಯನ್ನು ಬದಲಿಸಿಕೊಳ್ಳುವ ತಂತ್ರಾಂಶ ವ್ಯವಸ್ಥೆಯನ್ನು ಕಟ್ಟುವವರು, ಪ್ರೋಗ್ರಾಮಿಂಗ್ ಭಾಷೆಯನ್ನು ಆರಿಸುವ ಮೊದಲು ನಿಜವಾಗಿ ಬದಲಾಗಬೇಕಾದದ್ದು ಏನು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅದು ಸರ್ವರ್‌ಗಳ ಸಂಖ್ಯೆಯಂಥ ಒಂದು ಮೌಲ್ಯವೇ, ಭಾಗಗಳ ಜೋಡಣೆಯೇ, ಅಥವಾ ಓಡುತ್ತಿರುವ ಕೋಡೇ ಎಂಬುದು ಆಯ್ಕೆಯನ್ನು ನಿರ್ಧರಿಸುತ್ತದೆ.

ಮೌಲ್ಯವಷ್ಟೇ ಬದಲಾಗುವುದಾದರೆ ನಿಮಗೆ ಚೆನ್ನಾಗಿ ಗೊತ್ತಿರುವ ಭಾಷೆಯೇ ಸಾಕು. ಆದರೆ ಹೊಂದಾಣಿಕೆಯ ತರ್ಕವನ್ನು ಮೂಲ ಕೆಲಸದ ಕೋಡಿನಲ್ಲಿ ಬೆರೆಸಬೇಡಿ. ಐಬಿಎಂ 2001ರಲ್ಲಿ ಮುಂದಿಟ್ಟ ಸ್ವಯಂನಿರ್ವಹಣೆಯ ಕಲ್ಪನೆಯಿಂದ ಬೆಳೆದ ಆವರ್ತದಲ್ಲಿ ಗಮನಿಸುವುದು, ವಿಶ್ಲೇಷಿಸುವುದು, ಯೋಜಿಸುವುದು, ಜಾರಿಗೊಳಿಸುವುದು ಎಂಬ ನಾಲ್ಕು ಹಂತಗಳಿದ್ದು, ನಾಲ್ಕೂ ಒಂದೇ ಜ್ಞಾನಭಂಡಾರವನ್ನು ಬಳಸುತ್ತವೆ. ಇವನ್ನು ಪ್ರತ್ಯೇಕ ಮಾಡ್ಯೂಲ್‌ಗಳಾಗಿ ಬರೆಯಿರಿ.

ಜೋಡಣೆ ಬದಲಾಗಬೇಕಿದ್ದರೆ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ, ಇಂಥ ವ್ಯವಸ್ಥೆಗಳನ್ನು ಕಟ್ಟಲು ನೆರವಾಗುವ ರೇನ್‌ಬೋ ಚೌಕಟ್ಟಿಗಾಗಿ ರೂಪುಗೊಂಡ ಸ್ಟಿಚ್ ಭಾಷೆಯನ್ನು ಅಭ್ಯಾಸ ಮಾಡಿ. ಅದರಲ್ಲಿ ಪ್ರತಿಯೊಂದು ತಂತ್ರಕ್ಕೂ ಅದು ಯಾವಾಗ ಅನ್ವಯಿಸುತ್ತದೆ, ಏನು ಮಾಡುತ್ತದೆ, ಯಾವ ಫಲವನ್ನು ನಿರೀಕ್ಷಿಸುತ್ತದೆ ಎಂಬ ಮೂರನ್ನೂ ಬರೆಯಬೇಕಾಗುತ್ತದೆ. ನಿರೀಕ್ಷಿತ ಫಲವನ್ನು ಬರೆಸುವ ಈ ಶಿಸ್ತನ್ನು ಯಾವ ಭಾಷೆಯಲ್ಲಿ ಕೆಲಸ ಮಾಡುವವರೂ ಅಳವಡಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಫಲವನ್ನು ಮೊದಲೇ ಹೇಳದಿದ್ದರೆ ಬದಲಾವಣೆ ಗೆದ್ದಿತೋ ಸೋತಿತೋ ಎಂದು ವ್ಯವಸ್ಥೆಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಕೋಡೇ ಬದಲಾಗಬೇಕಿದ್ದರೆ, 1980ರ ದಶಕದಲ್ಲಿ ಎರಿಕ್ಸನ್ ಸಂಸ್ಥೆಯಲ್ಲಿ ದೂರವಾಣಿ ವ್ಯವಸ್ಥೆಗಳಿಗಾಗಿ ಹುಟ್ಟಿದ ಎರ್ಲಾಂಗ್ ಬಲವಾದ ಆಯ್ಕೆ. ಅದು ಒಂದು ಮಾಡ್ಯೂಲಿನ ಹಳೆಯ ಮತ್ತು ಹೊಸ ಆವೃತ್ತಿಗಳೆರಡನ್ನೂ ಏಕಕಾಲಕ್ಕೆ ಇಟ್ಟುಕೊಳ್ಳಬಲ್ಲದು. ಓಡುತ್ತಿರುವ ಪ್ರಕ್ರಿಯೆಯು ಮಾಡ್ಯೂಲಿನ ಹೆಸರನ್ನು ಸೇರಿಸಿ ಅದರ ಫಂಕ್ಷನ್ ಅನ್ನು ಕರೆದಾಗ ಮಾತ್ರ ಹೊಸ ಆವೃತ್ತಿಗೆ ಹೊರಳುತ್ತದೆ. ಆದ್ದರಿಂದ ದೀರ್ಘಕಾಲ ನಡೆಯುವ ಆವರ್ತಗಳಲ್ಲಿ ಅಂಥ ಕರೆಯನ್ನೇ ಬಳಸಿ, ಹಳೆಯ ಸ್ಥಿತಿಯ ದತ್ತಾಂಶವನ್ನು ಹೊಸ ರೂಪಕ್ಕೆ ಪರಿವರ್ತಿಸುವ ಕೋಡನ್ನೂ ಜೊತೆಗೇ ಬರೆಯಿರಿ.

ಭಾಷೆ ಯಾವುದಾದರೂ ಓಲಾಟದ ಅಪಾಯ ತಪ್ಪದು. ಹೊರೆಯು ಮಿತಿ ದಾಟಿದೊಡನೆ ಸರ್ವರ್ ಸೇರಿಸಿ, ಇಳಿದೊಡನೆ ತೆಗೆಯುವ ನಿಯಮವು ಮಿತಿಯ ಆಸುಪಾಸಿನಲ್ಲಿ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿರುತ್ತದೆ. ಅನೇಕ ಸರ್ವರ್‌ಗಳಲ್ಲಿ ತಂತ್ರಾಂಶಗಳನ್ನು ಓಡಿಸಿ ನಿರ್ವಹಿಸುವ ಕುಬರ್ನೆಟೀಸ್‌ನ ಸ್ವಯಂವಿಸ್ತರಣೆಯು ಇಳಿಕೆಗೆ ಮುನ್ನ ಪೂರ್ವನಿಯೋಜಿತವಾಗಿ ಕಳೆದ 300 ಸೆಕೆಂಡುಗಳ ಶಿಫಾರಸುಗಳನ್ನು ನೋಡುವುದು ಇದನ್ನು ತಡೆಯಲೆಂದೇ. ನೀವೂ ಏರಿಕೆಗೆ ಒಂದು, ಇಳಿಕೆಗೆ ಇನ್ನೊಂದು ಮಿತಿಯನ್ನಿಟ್ಟು, ಆರಂಭದಲ್ಲಿ ಜಾರಿಗೊಳಿಸುವ ಹಂತವನ್ನು ನಿಷ್ಕ್ರಿಯಗೊಳಿಸಿ, ಅದು ಸಕ್ರಿಯವಾಗಿದ್ದಿದ್ದರೆ ವ್ಯವಸ್ಥೆಯು ಏನು ಮಾಡುತ್ತಿತ್ತು ಎಂಬುದನ್ನು ಮಾತ್ರ ದಾಖಲಿಸಿಕೊಳ್ಳಿ; ಆ ದಾಖಲೆಯಲ್ಲಿನ ನಿರ್ಧಾರಗಳು ನಿಮಗೆ ಒಪ್ಪಿಗೆಯಾದ ಮೇಲಷ್ಟೇ ಅದನ್ನು ಸಕ್ರಿಯಗೊಳಿಸಿ.