ಓಎಸ್ ಅಪ್‌ಗ್ರೇಡ್ ಆದಮೇಲೆ ಮೇಲ್ ನಿಂತುಹೋಯಿತಾ? ಮೊದಲು ಎಸ್‌ಆರ್‌ಎಸ್ ನೋಡಿ

ಅಪ್‌ಗ್ರೇಡ್ ಮುಗಿಯಿತು, ರೀಬೂಟ್ ಆಯಿತು, ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಓಡುತ್ತಿದೆ, ಅದಕ್ಕೆ ಎಸ್‌ಆರ್‌ಎಸ್ ಕೆಲಸ (ಫಾರ್ವರ್ಡ್ ಆಗುವ ಮೇಲ್‌ನ ಕಳಿಸಿದವರ ವಿಳಾಸವನ್ನು ನಮ್ಮ ಡೊಮೇನ್‌ನದಾಗಿ ಬದಲಿಸುವುದು) ಮಾಡಿಕೊಡುವ ಪೋಸ್ಟ್‌ಎಸ್‌ಆರ್‌ಎಸ್‌ಡಿ ಕೂಡ ಆಕ್ಟಿವ್ ಅಂತಲೇ ತೋರಿಸುತ್ತಿದೆ. ಆದರೂ ಒಂದೇ ಒಂದು ಮೇಲ್ ಒಳಗೆ ಬರುತ್ತಿಲ್ಲ. ಹೀಗಾಗಿದ್ದರೆ ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ. ಎರಡೂ ಪ್ರೋಗ್ರಾಂ ಸರಿಯಾಗೇ ಇರಬಹುದು, ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತಿಲ್ಲ ಅಷ್ಟೇ.

ಮೇಲ್ ಲಾಗ್ ತೆಗೆಯಿರಿ. 10001 ಪೋರ್ಟ್‌ಗೆ "ಕನೆಕ್ಷನ್ ರೆಫ್ಯೂಸ್ಡ್" ಅಂತ ಇದೆಯಾ, ಅದರ ಹಿಂದೆಯೇ ಪೋಸ್ಟ್‌ಫಿಕ್ಸ್‌ನ ಕ್ಲೀನಪ್ ಪ್ರೋಗ್ರಾಂ "ಮ್ಯಾಪ್ ಲುಕಪ್ ಪ್ರಾಬ್ಲಂ" ಅಂತ ಗೊಣಗುತ್ತಿದೆಯಾ? ಹಾಗಿದ್ದರೆ ಕಳ್ಳ ಸಿಕ್ಕಿಬಿದ್ದ. ಹೊರಗಿನವರಿಗೆ ಆಗ ಹೋಗುವುದು 451 ಕೋಡ್. 4ರಿಂದ ಶುರುವಾದರೆ ತಾತ್ಕಾಲಿಕ ಅಂತ ಅರ್ಥ, ಕಳಿಸಿದ ಸರ್ವರ್ ಮೇಲನ್ನು ತನ್ನ ಕ್ಯೂನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಆ ಕಡೆ ಇರುವುದೂ ಪೋಸ್ಟ್‌ಫಿಕ್ಸ್ ಆದರೆ ಡಿಫಾಲ್ಟ್ ಆಗಿ 5 ದಿನ ಕಾಯುತ್ತದೆ. ಸಮಯ ಇದೆ.

ಆಗಿದ್ದಿಷ್ಟು. ಪೋಸ್ಟ್‌ಎಸ್‌ಆರ್‌ಎಸ್‌ಡಿ 1.x ಆವೃತ್ತಿಗಳು ಟಿಸಿಪಿ ಪೋರ್ಟ್‌ನಲ್ಲಿ ಮಾತಾಡುತ್ತಿದ್ದವು: ವಿಳಾಸ ಬದಲಿಸಲು 10001, ಮೂಲ ವಿಳಾಸಕ್ಕೆ ತಿರುಗಿಸಲು 10002. 2.0ರಿಂದ ಅದನ್ನು ಕೈಬಿಟ್ಟು ಸಾಕೆಟ್‌ಮ್ಯಾಪ್ ತಂದರು, ಇಲ್ಲಿ ಮಾತುಕತೆ ಸಾಕೆಟ್ ಅನ್ನೋ ವಿಶೇಷ ಫೈಲಿನ ಮೂಲಕ. ಅಪ್‌ಗ್ರೇಡ್ ಪ್ಯಾಕೇಜನ್ನು ಬದಲಿಸಿತು, ಆದರೆ ನೀವು ಕೈಯಾರೆ ಬರೆದ ಪೋಸ್ಟ್‌ಫಿಕ್ಸ್‌ನ ಕಾನ್ಫಿಗ್ ಫೈಲ್ ಮೇನ್ ಡಾಟ್ ಸಿಎಫ್ ಇನ್ನೂ ಹಳೇ ಪೋರ್ಟನ್ನೇ ಹುಡುಕುತ್ತಾ ಕೂತಿದೆ.

ಆ ಫೈಲಿನ ಸೆಂಡರ್ ಕೆನಾನಿಕಲ್ ಮ್ಯಾಪ್ಸ್ ಸಾಲಿನಲ್ಲಿ ಟಿಸಿಪಿ ಇರುವುದನ್ನು ತೆಗೆದು ಸಾಕೆಟ್‌ಮ್ಯಾಪ್, ಯುನಿಕ್ಸ್, ಎಸ್‌ಆರ್‌ಎಸ್, ಫಾರ್ವರ್ಡ್ ಅನ್ನೋ ನಾಲ್ಕು ಪದಗಳನ್ನು ನಡುವೆ ಕೋಲನ್ ಹಾಕಿ ಬರೆಯಿರಿ. ರೆಸಿಪಿಯೆಂಟ್ ಸಾಲಿನಲ್ಲೂ ಅದೇ, ಕೊನೆಯ ಪದ ಮಾತ್ರ ರಿವರ್ಸ್. ಇಲ್ಲಿ ಸಾಕೆಟ್‌ನ ಪೂರ್ತಿ ಪಾತ್ ಬರೆಯಬೇಡಿ. ಕ್ಲೀನಪ್ ಕ್ರೂಟ್ ಒಳಗೆ (ಒಂದೇ ಡೈರೆಕ್ಟರಿಯಲ್ಲಿ ಕೂಡಿಹಾಕಿದಂತೆ) ಓಡುತ್ತಿದ್ದರೆ ಆ ಪಾತ್ ಅದರ ಕಣ್ಣಿಗೇ ಬೀಳುವುದಿಲ್ಲ. ಪೋಸ್ಟ್‌ಎಸ್‌ಆರ್‌ಎಸ್‌ಡಿಯ ಹೊಸ ಕಾನ್ಫಿಗ್ ಫೈಲ್‌ನಲ್ಲಿ ಮಾತ್ರ, ಸಾಕೆಟ್ ಪೋಸ್ಟ್‌ಫಿಕ್ಸ್‌ನ ಸ್ಪೂಲ್ ಡೈರೆಕ್ಟರಿಯೊಳಗೇ ಹುಟ್ಟುವಂತೆ ಪೂರ್ತಿ ಪಾತ್ ಕೊಡಿ. ಅಂದಹಾಗೆ ಸೆಂಡರ್ ಕ್ಲಾಸಸ್ ಸಾಲಿನಲ್ಲಿ ಎನ್ವಲಪ್ ಸೆಂಡರ್ (ಸರ್ವರ್‌ಗಳು ತಮ್ಮೊಳಗೆ ಹೇಳಿಕೊಳ್ಳುವ ಕಳಿಸಿದವರ ವಿಳಾಸ) ಒಂದೇ ಇರಲಿ. ಹೆಡರ್ ಕೂಡ ಸೇರಿದರೆ ಫ್ರಮ್ ವಿಳಾಸವೇ ಬದಲಾಗಿ, ಮೇಲ್ ದಾರಿಯಲ್ಲಿ ಬದಲಾಗಿಲ್ಲ ಅಂತ ತೋರಿಸುವ ಡಿಕೆಐಎಂ ಸಹಿ ಮುರಿಯುತ್ತದೆ.

ಜಾಸ್ತಿ ಜನ ಮರೆಯುವುದು ಡೊಮೇನ್ ಪಟ್ಟಿಯನ್ನು, ಅಂದರೆ ವಿಳಾಸ ಬದಲಿಸಬಾರದ ನಿಮ್ಮದೇ ಡೊಮೇನ್‌ಗಳ ಪಟ್ಟಿಯನ್ನು. ಮೊದಲು ಇಟಿಸಿ ಒಳಗಿನ ಡಿಫಾಲ್ಟ್ ಡೈರೆಕ್ಟರಿಯ ಫೈಲಿನಲ್ಲಿ ಎಕ್ಸ್‌ಕ್ಲೂಡ್ ಡೊಮೇನ್ಸ್ ಅಂತ ಇದ್ದದ್ದು ಈಗ ಹೊಸ ಫೈಲ್‌ನಲ್ಲಿ ಬರೀ ಡೊಮೇನ್ಸ್. ನಿಮ್ಮ ಒಂದು ಡೊಮೇನ್ ಬಿಟ್ಟುಹೋದರೂ, ಅದರ ಬಳಕೆದಾರರು ಕಳಿಸುವ ಮಾಮೂಲಿ ಮೇಲ್‌ನ ಕಳಿಸಿದವರ ವಿಳಾಸವೂ ಸುಮ್ನೆ ಬದಲಾಗುತ್ತದೆ.

ಪೋಸ್ಟ್‌ಎಸ್‌ಆರ್‌ಎಸ್‌ಡಿಯ ಗುಟ್ಟಿನ ಕೀಲಿ ಇರುವ ಸೀಕ್ರೆಟ್ ಫೈಲ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. "ಎಲ್ಲಾ ಹೊಸದಾಗಿ ಮಾಡೋಣ" ಅಂತ ಅದನ್ನು ಅಳಿಸಿ ಹೊಸದು ಮಾಡಿದೆ. ಬದಲಾದ ಪ್ರತಿ ವಿಳಾಸದಲ್ಲೂ ಆ ಸೀಕ್ರೆಟ್‌ನಿಂದ ಬಂದ ಹ್ಯಾಶ್ (ಸಹಿಯಂಥ ಗುರುತು) ಇರುತ್ತದೆ. ಹಾಗಾಗಿ ಹಿಂದಿನ ದಿನಗಳಲ್ಲಿ ಫಾರ್ವರ್ಡ್ ಆದ ಮೇಲ್‌ಗಳ ಬೌನ್ಸ್ (ತಲುಪಲಿಲ್ಲ ಅನ್ನೋ ಸೂಚನೆ) ವಾಪಸ್ ಬಂದಾಗ ಯಾವುದೂ ಹೊಂದಲಿಲ್ಲ, ಎಲ್ಲವೂ ಬಾಗಿಲಲ್ಲೇ ತಿರಸ್ಕೃತ. ಬದಲಿಸಲೇಬೇಕು ಅಂದರೆ ಹೊಸದನ್ನು ಮೊದಲ ಸಾಲಿನಲ್ಲಿ ಹಾಕಿ, ಹಳೆಯದನ್ನು ಅದರ ಕೆಳಗೆ ಉಳಿಸಿ. ಸಹಿ ಹಾಕುವುದು ಮೊದಲ ಸಾಲು, ಪರೀಕ್ಷೆಗೆ ಉಳಿದವೂ ನಡೆಯುತ್ತವೆ.

ಮ್ಯಾಪ್ ಸಾಲುಗಳಿಗೆ ಕಾಮೆಂಟ್ ಹಾಕಿದರೆ ಮೇಲ್ ತಕ್ಷಣ ಹರಿಯುತ್ತದೆ ನಿಜ. ಆದರೆ ಫಾರ್ವರ್ಡ್ ಮೇಲ್ ಎಸ್‌ಪಿಎಫ್‌ನಲ್ಲಿ (ಈ ಡೊಮೇನ್ ಪರವಾಗಿ ಈ ಸರ್ವರ್ ಕಳಿಸಬಹುದಾ ಅನ್ನೋ ಪರೀಕ್ಷೆಯಲ್ಲಿ) ಬೀಳುತ್ತದೆ, ವಾಪಸ್ ಬರುವ ಬೌನ್ಸ್‌ಗಳಿಗೆ ಅಂಥ ಬಳಕೆದಾರನೇ ಇಲ್ಲ ಅನ್ನೋ ಉತ್ತರ ಹೋಗುತ್ತದೆ, ಅದೂ ಶಾಶ್ವತವಾಗಿ. ಒಂದೆರಡು ಗಂಟೆಯಲ್ಲಿ ಸರಿಮಾಡಬಹುದು ಅನಿಸಿದರೆ 451 ಇದ್ದರೆ ಇರಲಿ ಬಿಡಿ.

ಈಗ ಪೋಸ್ಟ್‌ಎಸ್‌ಆರ್‌ಎಸ್‌ಡಿ ರೀಸ್ಟಾರ್ಟ್, ಪೋಸ್ಟ್‌ಫಿಕ್ಸ್ ರೀಲೋಡ್. ಪೋಸ್ಟ್‌ಮ್ಯಾಪ್ ಕಮಾಂಡ್‌ಗೆ -q ಆಪ್ಷನ್ ಕೊಟ್ಟು, ಇಲ್ಲೂ ಸಾಕೆಟ್‌ನ ಪೂರ್ತಿ ಪಾತ್ ಹಾಕಿ, ಹೊರಗಿನ ಒಂದು ವಿಳಾಸ ಕೇಳಿ. ಎಸ್‌ಆರ್‌ಎಸ್0 ಅಂತ ಶುರುವಾಗುವ ಉದ್ದನೆಯ ವಿಳಾಸ ಬರಬೇಕು. ಅದನ್ನೇ ರಿವರ್ಸ್‌ಗೆ ಕೊಟ್ಟರೆ ಮೂಲ ವಿಳಾಸ ಸಿಗಬೇಕು. ನಿಮ್ಮದೇ ಡೊಮೇನ್‌ನ ವಿಳಾಸ ಕೇಳಿದರೆ ಏನೂ ಬರಬಾರದು, ಬಂದರೆ ಡೊಮೇನ್ ಪಟ್ಟಿಗೆ ವಾಪಸ್ ಹೋಗಿ.